ಹೆಂಗಸರ ಹುಣಸೆ ದಾಟಿದ್ದು

ನನಗೆ ಸಿಟ್ಟು ಬಂದರೆ ಹೊಲಿಗೆ ಮಿಷನ್ ತುಳಿಯುವುದು ರೂಢಿ. ಹಿರಿಯೂರು ಬಸ್‌ಸ್ಟ್ಯಾಂಡಿನ ಹಿಂದಿನ ನನ್ನ ಟೈಲರ್ ಅಂಗಡಿಯಲ್ಲಿ ಈಗ ಕರೆಂಟಿನ ಮೋಟಾರ್ ಇದೆ. ಆದರೂ ಕಾಲಲ್ಲಿ ತುಳಿಯುವ ಹಳೇ ಮಿಷನ್ನನ್ನು ಮೂಲೆಯಲ್ಲಿ ಉಳಿಸಿಕೊಂಡಿರುವುದು ಅದಕ್ಕೇ. ಯಾರ ಮೇಲಾದರೂ ಕೆಂಡ ಕಾರಬೇಕು ಅನ್ನಿಸಿದಾಗ ಎರಡು ಲಂಗಕ್ಕೆ ಅಂಚು ಹೊಲಿದುಬಿಟ್ಟರೆ ಮನಸ್ಸು ತಣ್ಣಗಾಗುತ್ತದೆ. ಕಳೆದ ಬೇಸಿಗೆಯಲ್ಲಿ ಬಂದ ಸಿಟ್ಟಿಗೆ ಮಾತ್ರ ಮಿಷನ್ ಸಾಲಲಿಲ್ಲ. ಉರಿಬಿಸಿಲಲ್ಲಿ ಮೂವತ್ತು ಕಿಲೋಮೀಟರಿಗೂ ಮೇಲೆ ಸೈಕಲ್ ತುಳಿಯಬೇಕಾಯಿತು.

ಸಿಟ್ಟು ದೊಡ್ಡಪ್ಪನ ಮೇಲೆ. ನಮ್ಮಪ್ಪನ ಅಣ್ಣ, ಹಟ್ಟಿಗೆಲ್ಲ ಹಿರಿಯರು. ನಮ್ಮದು ಕುರಿ ಕಾಯುವ ಮನೆತನ. ಯಲ್ಲದಕೆರೆ ದಾಟಿ ಹೊಸದುರ್ಗದ ದಿಕ್ಕಿಗೆ ಹೋದರೆ ಮಾರಿಕಣಿವೆ ಡ್ಯಾಮಿನ ಹಿನ್ನೀರಿನ ಅಂಚಿಗೆ ನಮ್ಮ ಹಟ್ಟಿ. ಎದುರಿಗೊಂದು ಗುಡ್ಡ. ಗುಡ್ಡದ ನೆತ್ತಿಯಲ್ಲಿ ಚಾವಣಿ ಬಿದ್ದ ಪುಟ್ಟ ಕಲ್ಲಿನ ಗುಡಿ, ಅದರ ಪಕ್ಕ ಸಾಲಾಗಿ ನಿಂತ ಏಳು ವೀರಗಲ್ಲುಗಳು. ಯಾವ ಕಾಲದವೋ ಯಾರಿಗೂ ತಿಳಿಯದು. ಆರು ಕಲ್ಲು ಯಾರವೋ ಏನೋ, ಏಳನೆಯದು ನಮ್ಮದು. ಅದನ್ನು ಅಜ್ಜಯ್ಯ ಅನ್ನುತ್ತೇವೆ. ಕುರಿರೊಪ್ಪಕ್ಕೆ ಚಿರತೆ ನುಗ್ಗಿದಾಗ ಬರೀ ಕೋಲು ಹಿಡಿದು ಎದುರು ನಿಂತು, ಅದನ್ನೂ ಕೊಂದು ತಾನೂ ಸತ್ತವನು ಅಜ್ಜಯ್ಯ. ಮದುವೆಯಾಗದ ಬ್ರಹ್ಮಚಾರಿ. ಅವನ ತಮ್ಮನ ವಂಶದವರು ನಾವು. ನನಗೆ ತೊಟ್ಟಿಲಲ್ಲಿದ್ದಾಗಿನಿಂದ ಹೇಳಿದ ಕಥೆ ಇಷ್ಟು.

ಯುಗಾದಿ ಕಳೆದ ಎರಡನೇ ಸೋಮವಾರ ಅಜ್ಜಯ್ಯನಿಗೆ ಎಡೆ. ಮನೆಗೊಂದು ತಪ್ಪಲೆಯಂತೆ ನವಣೆ ಅನ್ನ, ಮೇಲೊಂದು ಬೆಣ್ಣೆ ಮುದ್ದೆ. ಗಂಡಸರು ಕಲ್ಲಿಗೆ ಹರಳೆಣ್ಣೆ ಸುರಿದು, ಅರಿಶಿನ ಕುಂಕುಮ ಮೆತ್ತಿ, ಹೊಸ ಪಂಚೆ ಹೊದಿಸಿ, ತಲೆಗೆ ಹೊಸ ರುಮಾಲು ಸುತ್ತಿ, ಪಾದದ ಹತ್ತಿರ ಒಂದು ಕಟ್ಟು ಬೀಡಿ ಇಡುತ್ತಾರೆ. ಹಳೇ ರುಮಾಲು ಬಿಚ್ಚುವ ಹಾಗಿಲ್ಲ. ಅದರ ಮೇಲೇ ಹೊಸದು, ಅದರ ಮೇಲೆ ಮರುವರ್ಷದ್ದು. ಹೆಂಗಸರು ಕಲ್ಲಿನ ಹತ್ತಿರ ಹೋಗಬಾರದು. ಬ್ರಹ್ಮಚಾರಿಯ ಮೇಲೆ ನಮ್ಮ ನೆರಳು ಬೀಳಬಾರದಂತೆ. ಗುಡ್ಡದ ಅರ್ಧಕ್ಕೆ ಒಂದು ಹುಣಸೆಮರವಿತ್ತು. ಅದರ ಹೆಸರೇ ಹೆಂಗಸರ ಹುಣಸೆ. ಅಲ್ಲಿಯವರೆಗೆ ತಲೆ ಮೇಲೆ ತಪ್ಪಲೆ ಹೊತ್ತು ಹತ್ತಿ, ಗಂಡಸರ ಕೈಗೆ ದಾಟಿಸಿ, ನೆರಳಲ್ಲಿ ಕುಂತು ಕಾಯಬೇಕು. ನಮ್ಮಮ್ಮ ಐವತ್ತು ವರ್ಷ ಹೀಗೆ ಕಾದಳು. ಒಂದು ದಿನವೂ ಆ ಕಲ್ಲನ್ನು ಕಣ್ಣಾರೆ ನೋಡಿದವಳಲ್ಲ.

ಆಮೇಲೆ ಡ್ಯಾಮು ತುಂಬಿತು. ಅಜ್ಜಿಯ ಬಾಲ್ಯದಲ್ಲಿ ಒಮ್ಮೆ ಕೋಡಿ ಬಿದ್ದಿತ್ತಂತೆ ಎಂದು ಕೇಳಿದ್ದೆವಷ್ಟೇ, ಅದು ನಮ್ಮ ಕಣ್ಣೆದುರಿಗೇ ಕೋಡಿ ಬಿತ್ತು. ಹಿನ್ನೀರು ಏರಿ ಏರಿ ಗುಡ್ಡದ ನೆತ್ತಿಯೂ ಮುಳುಗಿತು. ಎರಡು ವರ್ಷ ದಡದಲ್ಲೇ ನಿಂತು ಎಡೆಯನ್ನು ನೀರಿಗೆ ಬಿಟ್ಟೆವು. ಅದರ ಮಧ್ಯೆ ನಮ್ಮಪ್ಪ ತೀರಿಕೊಂಡರು. ಮೂರನೇ ಬೇಸಿಗೆಗೆ ನೀರು ಇಳಿದು ನೆತ್ತಿಯಷ್ಟು ನಡುಗಡ್ಡೆಯಾಗಿ ಮೇಲೆದ್ದಿತು. ಈ ಸಲ ಎಡೆ ಕಲ್ಲಿಗೇ ಕೊಡೋಣ ಅಂತ ಹಟ್ಟಿಯಲ್ಲಿ ಸಂಭ್ರಮವೋ ಸಂಭ್ರಮ.

ಆ ಸಂಭ್ರಮದ ನಡುವೆ ದೊಡ್ಡಪ್ಪ ಕಟ್ಟೆ ಮೇಲೆ ಕುಂತು ಅಮ್ಮನಿಗೆ ಕೇಳುವಂತೆ ಹೇಳಿದರು: "ತಮ್ಮನ ಮನೆ ಎಡೆ ಈ ವರ್ಸದಿಂದ ಇಲ್ಲ. ಗಂಡು ದಿಕ್ಕಿಲ್ಲದ ಮನೆ ಎಡೆ ನಿಂತೋಗ್ತೈತೆ. ಹಿರಿಯರು ಮಾಡಿದ್ದು, ನಾನೇನ್ ಮಾಡ್ಲಿ?"

ಅಪ್ಪನಿಗೆ ನಾವು ಮೂವರೂ ಹೆಣ್ಣುಮಕ್ಕಳು. ಅಮ್ಮ ಒಳಗೆ ಹೋಗಿ ಎಡೆಯ ಹಿತ್ತಾಳೆ ತಪ್ಪಲೆಯನ್ನು ಅಟ್ಟದ ಮೇಲೆ ಬೋರಲು ಹಾಕಿ ಬಂದು ರಾಗಿ ಕೇರತೊಡಗಿದಳು. ಫೋನಿನಲ್ಲಿ ಇದನ್ನು ನನ್ನ ತಂಗಿ ಹೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಅಪ್ಪ ತೀರಿಕೊಂಡಾಗ ವರ್ಷವಿಡೀ ಅತ್ತ ಅಮ್ಮ ಅವತ್ತು ಅಳಲಿಲ್ಲವಂತೆ. ಅದು ನನಗೆ ಇನ್ನೂ ಹೊಟ್ಟೆ ಉರಿಸಿತು. ಎಡೆ ಸೋಮವಾರಕ್ಕೆ ಒಂಬತ್ತು ದಿನ ಬಾಕಿಯಿತ್ತು. ಅಷ್ಟರಲ್ಲಿ ಏನಾದರೂ ಆಗದಿದ್ದರೆ ಆ ತಪ್ಪಲೆ ಅಟ್ಟದಿಂದ ಇನ್ನು ಇಳಿಯುವುದಿಲ್ಲ.

ದೊಡ್ಡಪ್ಪನ ಹತ್ತಿರ ಜಗಳವಾಡಿ ಪ್ರಯೋಜನವಿಲ್ಲ, ಅವರು ಹಿರಿಯರು ಹಿರಿಯರು ಅಂತ ಆಕಾಶ ತೋರಿಸುತ್ತಾರೆ. ಹಾಗಾಗಿ ಅಜ್ಜಯ್ಯನ ಹತ್ತಿರವೇ ಹೋಗಿ, ಎದುರಿಗೆ ನಿಂತು, ನಮ್ಮಮ್ಮ ನಿನಗೇನಯ್ಯ ಅನ್ಯಾಯ ಮಾಡಿದ್ದಳು ಅಂತ ಕೇಳಿಬಿಡಬೇಕು ಅನ್ನಿಸಿತು. ಹುಚ್ಚಾಟವೇ. ಆದರೆ ಒಂದು ಸಲ ತಲೆಗೆ ಹೊಕ್ಕ ಮೇಲೆ ಇಳಿಯಲಿಲ್ಲ.

ಇದನ್ನು ಹೇಳಿದ್ದು ನನ್ನ ಗೆಳತಿಗೆ ಮಾತ್ರ. ಒಂದನೇ ಕ್ಲಾಸಿನಿಂದ ಜೊತೆಯವಳು. ಅವಳ ಮನೆಯವರು ಹಿರಿಯೂರಿನಲ್ಲಿ ತಲೆಮಾರುಗಳಿಂದ ನೆಲೆಸಿದ ಸಾಬರು. ತಾತ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಇಬ್ಬರಿಗೂ ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹೆದರಿಸಿದಂದಿನಿಂದ ಬೆಳಗ್ಗೆ ವೇದಾವತಿ ಸೇತುವೆವರೆಗೆ ಸೈಕಲ್ ತುಳಿದು ಬರುತ್ತೇವೆ. ದಾರಿಯಲ್ಲಿ ಬೋಂಡ ತಿನ್ನುತ್ತೇವೆ, ಅದು ಡಾಕ್ಟರಿಗೆ ಗೊತ್ತಿಲ್ಲ.

"ಬಸ್ಸಿಗೆ ಹೋದ್ರೆ ಹಟ್ಟಿ ಸ್ಟಾಪಲ್ಲಿ ಇಳೀಬೇಕು, ಹತ್ತು ಜನ ಕೇಳ್ತಾರೆ, ದೊಡ್ಡಪ್ಪಂಗೆ ಗೊತ್ತಾಗ್ತೈತೆ," ಅಂದೆ.

"ಸೈಕಲ್‌ನಾಗೆ ಹೋಗಾಣ ಬಿಡೇ. ಹಿಂದಿನ ಗಾಡಿದಾರಿಯಾಗೆ ನುಗ್ಗಾಣ. ಜಗಳ ಆಡಾಕೆ ಹೋಗ್ತೀಯಂದ್ರೆ ಸಾಕ್ಷಿ ಒಬ್ರು ಬೇಕಲ್ಲ," ಅಂದಳು. ಅವಳಿಗೆ ನನ್ನ ಜಗಳಕ್ಕಿಂತ ನಡುಗಡ್ಡೆ ನೋಡುವ ಆಸೆ. ಅವಳ ಕಣ್ಣು ನೋಡಿಯೇ ಗೊತ್ತಾಯಿತು.

ಮರುದಿನ ಭಾನುವಾರ ಬೆಳಗ್ಗೆ ಆರಕ್ಕೆ ಹೊರಟೆವು. ನಾನು ಚೂಡಿದಾರಿನ ಮೇಲೆ ಗಂಡನ ಹಳೇ ಫುಲ್‌ಷರ್ಟು ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡಿದ್ದೆ. ಅವಳು ದುಪಟ್ಟಾವನ್ನು ಬಿಗಿಯಾಗಿ ಕಟ್ಟಿ, ಮೇಲೊಂದು ಕ್ರಿಕೆಟ್ ಟೋಪಿ ಇಟ್ಟಿದ್ದಳು. ಹ್ಯಾಂಡಲಿಗೆ ಚಪಾತಿ, ಚಟ್ನಿಪುಡಿ, ಎರಡೆರಡು ಬಾಟಲಿ ನೀರು. ಅವಳ ಕ್ಯಾರಿಯರಿನಲ್ಲಿ ಪಂಪು, ಪಂಚರ್ ಸಾಮಾನು. ಹುಳಿಯಾರು ರಸ್ತೆಗೆ ಬೀಳುವಷ್ಟರಲ್ಲಿ ನನಗೆ ಸಿಟ್ಟೆಲ್ಲ ಮರೆತುಹೋಗಿ ಎದೆ ಹಾರತೊಡಗಿತ್ತು. ನಲವತ್ತೆಂಟನೇ ವಯಸ್ಸಿನಲ್ಲಿ ಯಾರಿಗೂ ಹೇಳದೆ ಊರು ಬಿಟ್ಟು ಹೋಗುವ ಖುಷಿ ಇದೆಯಲ್ಲ, ಅದನ್ನು ಅನುಭವಿಸಿದವರಿಗೇ ಗೊತ್ತು. ಇಳಿಜಾರು ಬಂದಾಗ ಇಬ್ಬರೂ ಕಾಲು ಚಾಚಿ ಕೂಗಿದೆವು. ಒಂದು ಕುರಿಮಂದೆ ಬೆದರಿ ರಸ್ತೆ ಬಿಟ್ಟು ಓಡಿತು. ಕುರಿ ಕಾಯುವವರ ಮಗಳಾಗಿ ಅದು ತಪ್ಪೇ, ಆದರೂ ನಗು ಬಂತು.

ಕಂಡಕಂಡವರಿಗೆಲ್ಲ ನಮ್ಮದೇ ಚಿಂತೆ. ಶೇಂಗಾ ಹೊಲದ ಬದುವಿನಲ್ಲಿ ಕುಂತಿದ್ದ ಮುದುಕಪ್ಪ ಒಬ್ಬ ಎದ್ದು ನಿಂತು, "ಯಾಕ್ರವ್ವಾ, ಬಸ್ ತಪ್ಪಿತಾ?" ಅಂದ. "ಇಲ್ಲ ತಾತ, ಬಸ್ಸೇ ನಮಗೆ ತಪ್ಪಿಸ್ಕೊಂಡ್ ಹೋಯ್ತು," ಅಂತ ಗೆಳತಿ ಕೂಗಿದಳು. ಎದುರಿಂದ ಬಂದ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ, ಕುರಿಗೊಬ್ಬರದ ಮೇಲೆ ಸೈಕಲ್ ಹಾಕಿ ವಾಪಸ್ ಹಿರಿಯೂರಿಗೆ ಬಿಡ್ತೀನಿ ಬರ್ರಿ ಅಂತ ಒತ್ತಾಯವೇ ಮಾಡಿದ. ನಾವು ಬೇಕಂತಲೇ ತುಳಿಯುತ್ತಿದ್ದೇವೆ ಅಂದರೆ ಅವನಿಗೆ ನಂಬಿಕೆಯೇ ಬರಲಿಲ್ಲ.

ಎಂಟೂವರೆಗೆಲ್ಲ ಬಿಸಿಲು ನೆತ್ತಿ ಸುಡತೊಡಗಿತು. ದೂರದ ಗುಡ್ಡಗಳ ಮೇಲೆ ಗಾಳಿಕಂಬದ ರೆಕ್ಕೆಗಳು ಸರಸರನೆ ತಿರುಗುತ್ತಿದ್ದವು. ನೋಡಲಿಕ್ಕೆ ಚೆಂದ, ಆದರೆ ಆ ಗಾಳಿಯೆಲ್ಲ ನಮ್ಮ ಎದೆಗೇ ಬೀಸುತ್ತಿತ್ತು. ತುಳಿದರೂ ತುಳಿದರೂ ಸೈಕಲ್ಲು ಅಲ್ಲೇ. ಯಲ್ಲದಕೆರೆಯಲ್ಲಿ ಚಹಾದಂಗಡಿಯವಳು ನಮ್ಮ ಮುಖ ನೋಡಿ ಕೇಳದೆಯೇ ಮಜ್ಜಿಗೆ ಕೊಟ್ಟಳು. ಹಸಿಮೆಣಸಿನಕಾಯಿ ಜಜ್ಜಿ ಹಾಕಿದ್ದ ಆ ಮಜ್ಜಿಗೆಯನ್ನು ಎರಡೆರಡು ಚೊಂಬು ಕುಡಿದೆವು. ಹೊಟ್ಟೆ ತಣ್ಣಗಾಗಿ, ನಾಲಿಗೆ ಉರಿದು, ಜೀವ ಬಂತು.

ಅಲ್ಲಿಂದ ಗಾಡಿದಾರಿ. ಎರಡೂ ಕಡೆ ಬಳ್ಳಾರಿ ಜಾಲಿ. ಎಲ್ಲಿ ಮುಳ್ಳು ನೆಡುತ್ತದೋ ಅಂತ ನಾನು ನೆಲ ನೋಡಿಕೊಂಡೇ ಹೋಗುತ್ತಿದ್ದೆ, ನೆಟ್ಟಿದ್ದು ಗೆಳತಿಯ ಹಿಂದಿನ ಚಕ್ರಕ್ಕೆ. ಹಿರಿಯೂರಿಗೆಲ್ಲ ಪಂಚರ್ ಹಾಕುವವಳು ನಡುದಾರಿಯಲ್ಲಿ ಕುಂತು ತನ್ನದೇ ಟೈರು ಬಿಚ್ಚಬೇಕಾಗಿ ಬಂದದ್ದು ಅವಳಿಗೆ ದೊಡ್ಡ ಅವಮಾನ. "ಯಾರಿಗಾದ್ರೂ ಹೇಳಿದ್ಯೋ, ನಿನ್ ಸೈಕಲ್ಲಿನ ಗಾಳಿ ಬಿಡ್ತೀನಿ," ಅಂತ ಹೆದರಿಸಿದಳು. ದಾಳಿಂಬೆ ತೋಟವೊಂದರ ನೀರಿನ ಡ್ರಮ್ಮಿಗೆ ಟ್ಯೂಬು ಅದ್ದಿ, ಗುಳ್ಳೆ ಏಳುವ ಜಾಗ ಹುಡುಕಿ, ಉಜ್ಜಿ, ಸಲ್ಯೂಷನ್ ಹಚ್ಚಿದಳು. ಬಿಸಿಲಿಗೆ ಅದು ಊದುವಷ್ಟರಲ್ಲಿ ಒಣಗಿತು. ಹತ್ತು ನಿಮಿಷದಲ್ಲಿ ಮತ್ತೆ ಸೀಟಿನ ಮೇಲಿದ್ದೆವು.

ದಾರಿ ಒಂದು ದಿಬ್ಬ ಏರಿತು. ಏರಿನಲ್ಲಿ ಇಳಿದು ತಳ್ಳಿದೆವು. ದಿಬ್ಬದ ಮೇಲೆ ನಿಂತು ಮುಂದೆ ನೋಡಿದರೆ, ಅಬ್ಬಾ! ಕಣ್ಣು ಹೋದಷ್ಟೂ ನೀರು. ಸಣ್ಣವಳಿದ್ದಾಗ ನಾನು ಕುರಿ ಅಟ್ಟಿಕೊಂಡು ಓಡಾಡಿದ ಬಯಲೆಲ್ಲ ನೀರು. ಅದರ ಮಧ್ಯೆ, ನನಗೆ ಗೊತ್ತಿದ್ದ ಅಷ್ಟು ದೊಡ್ಡ ಗುಡ್ಡ ಈಗ ಒಂದು ರೊಟ್ಟಿಯಷ್ಟಾಗಿ ತೇಲುತ್ತಿತ್ತು. ಅದರ ಮೇಲೆ ಗುಡಿಯ ಎರಡು ಕಂಬ, ಪಕ್ಕದಲ್ಲಿ ಸಾಲಾಗಿ ಕಪ್ಪು ಕಲ್ಲುಗಳು. ನಾನು ಬೆರಳಿಟ್ಟು ಎಣಿಸಿದೆ. ಏಳೂ ಇದ್ದವು!

"ಯಾ ಅಲ್ಲಾ," ಅಂದಳು ಗೆಳತಿ. ಅವಳ ಬಾಯಲ್ಲಿ ಅಷ್ಟು ಕಮ್ಮಿ ಮಾತು ನಾನು ಯಾವತ್ತೂ ಕೇಳಿರಲಿಲ್ಲ.

ದಡದಲ್ಲಿ ಮೀನು ಹಿಡಿಯುವವನೊಬ್ಬ ಬಲೆ ಬಿಡಿಸುತ್ತಾ ಕುಂತಿದ್ದ. ಪಕ್ಕದಲ್ಲಿ ಟಾರು ಬಳಿದ ಅವನ ಹರಿಗೋಲು ಬೋರಲಾಗಿ ಬಿದ್ದಿತ್ತು. ನಡುಗಡ್ಡೆಗೆ ಬಿಡ್ತೀಯಾ ಅಂತ ಕೇಳಿದ್ದಕ್ಕೆ ನನ್ನ ಮುಖವನ್ನೇ ದಿಟ್ಟಿಸಿದ. "ನೀವು ಹಟ್ಟಿ ಕಡೆಯೋರಲ್ಲೇನ್ರಿ? ನಿಮ್ ಹೆಂಗಸ್ರು ಆ ಗುಡ್ಡಕ್ಕೆ ಹೋಗಂಗಿಲ್ಲ ಅಂತಾರಪ್ಪ."

"ಗುಡ್ಡಕ್ಕೆ ಹೋಗಂಗಿಲ್ಲ ಅಂದಿದ್ದು ನಿಜ ಕಣಣ್ಣ," ಅಂದೆ. "ಈಗ ಗುಡ್ಡ ಎಲ್ಲೈತೆ? ಅದು ನಡುಗಡ್ಡೆ. ನಡುಗಡ್ಡೆ ವಿಚಾರ ಯಾರೂ ಏನೂ ಹೇಳಿಲ್ಲ."

ಅವನು ಒಂದು ಗಳಿಗೆ ಯೋಚಿಸಿ ನಕ್ಕುಬಿಟ್ಟ. "ಬರ್ರಿ, ಕುಂತ್ಕಳ್ರಿ. ನಡುಮಧ್ಯ ಕುಂತ್ಕಳ್ರಿ, ಅಲ್ಲಾಡಬ್ಯಾಡ್ರಿ." ಸೈಕಲ್ಲುಗಳನ್ನು ಜಾಲಿಗೆ ಒರಗಿಸಿ ಬೀಗ ಹಾಕಿದೆವು. ಸುತ್ತ ನರಪಿಳ್ಳೆ ಇರಲಿಲ್ಲ, ಆದರೂ ಸೈಕಲ್ ಅಂಗಡಿಯವಳು ಬೀಗ ಎರಡು ಸಲ ಎಳೆದು ನೋಡಿದಳು.

ಹರಿಗೋಲು ಗಿರಗಿರನೆ ಸುತ್ತುತ್ತಾ ಸಾಗಿತು. ಬಿಸಿಲು ಮೇಲಿಂದಲೂ ನೀರಿಂದಲೂ ಹೊಡೆಯುತ್ತಿತ್ತು. ಅರ್ಧ ದಾರಿಗೆ ಅವನು ಹುಟ್ಟು ನಿಲ್ಲಿಸಿ, "ಇಲ್ಲಿ ಜೋಪಾನ, ಮರ ಐತೆ, ಹರಿಗೋಲು ಹರೀತೈತೆ," ಅಂದ. ನೀರಿನ ಮೇಲೆ ಒಣಗಿದ ಕೊಂಬೆಗಳ ತುದಿ ನಾಲ್ಕೈದು ಕಂಡವು. ನನಗೆ ಗುರುತು ಸಿಗಲು ಒಂದು ನಿಮಿಷ ಬೇಕಾಯಿತು. ಹೆಂಗಸರ ಹುಣಸೆ! ಐವತ್ತು ವರ್ಷ ಅಮ್ಮ ಕುಂತ ನೆರಳು ಇಷ್ಟೆತ್ತರ ನೀರಿನಡಿಯಲ್ಲಿತ್ತು. ಕೈ ಚಾಚಿ ಒಂದು ಕಡ್ಡಿ ಮುಟ್ಟಿದೆ, ಪಟ್ಟನೆ ಮುರಿದು ಕೈಗೆ ಬಂತು. ಹರಿಗೋಲು ಅದರ ತಲೆಯ ಮೇಲೇ ದಾಟಿಹೋಯಿತು. ನನಗೆ ಮೈ ಜುಮ್ಮೆಂದಿತು. ಭಯವೂ ಆಯಿತು, ಸುಳ್ಳು ಯಾಕೆ ಹೇಳಲಿ.

ನಡುಗಡ್ಡೆಯ ಮೇಲೆ ಇಳಿದರೆ ಕಾಲಿನಡಿ ಒಣಗಿದ ಕೆಸರು, ಕಪ್ಪೆಚಿಪ್ಪು. ಮುಟ್ಟಿದ ಕಲ್ಲೆಲ್ಲ ಸುಡುತ್ತಿತ್ತು. ಗೆಳತಿ ಆಗಲೇ ಮೊದಲನೇ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಂತು, "ಬಾರೇ, ಇಲ್ಲಿ ಕುದುರೆ ಐತೆ! ಇವ್ನ್ ಮೀಸೆ ನೋಡು!" ಅಂತ ಕೂಗುತ್ತಿದ್ದಳು. ಒಂದರಲ್ಲಿ ಬಿಲ್ಲು ಹಿಡಿದವನು, ಇನ್ನೊಂದರಲ್ಲಿ ದನಗಳ ಸಾಲಿನ ಮುಂದೆ ಕತ್ತಿ ಎತ್ತಿದವನು, ಮೇಲುಗಡೆ ಅವನನ್ನು ತೋಳು ಹಿಡಿದು ಸ್ವರ್ಗಕ್ಕೆ ಒಯ್ಯುವ ಹೆಂಗಸರು. ಎಷ್ಟೋ ನೂರು ವರ್ಷದ ಕೆಲಸ, ಕಾಲ್ಬೆರಳಿನ ಉಗುರು ಸಮೇತ ಕಾಣುತ್ತಿತ್ತು. ನಾವಿಬ್ಬರೂ ಒಂದರಿಂದ ಒಂದಕ್ಕೆ ಓಡಿದೆವು, ಜಾತ್ರೆಗೆ ಬಿಟ್ಟ ಮಕ್ಕಳ ಹಾಗೆ.

ಏಳನೆಯದರ ಹತ್ತಿರ ಬಂದಾಗ ನನ್ನ ಕಾಲು ತಾನಾಗಿ ನಿಧಾನವಾಯಿತು. ಕೇಳಬೇಕೆಂದಿದ್ದ ಮಾತುಗಳನ್ನು ಮನಸ್ಸಿನಲ್ಲಿ ಒಮ್ಮೆ ಜೋಡಿಸಿಕೊಂಡೆ. ಚಪ್ಪಲಿ ಬಿಟ್ಟೆ, ತಕ್ಷಣ ಪಾದ ಸುಟ್ಟು ಮತ್ತೆ ಹಾಕಿಕೊಂಡೆ. ಟವೆಲ್ ಸರಿಮಾಡಿಕೊಂಡು ತಲೆ ಎತ್ತಿದೆ.

ರುಮಾಲು ಇರಲಿಲ್ಲ. ಎರಡು ವರ್ಷ ನೀರಿನಲ್ಲಿ ನೆನೆದು ಆ ಬಟ್ಟೆಯ ಮುದ್ದೆಯೆಲ್ಲ ಕೊಳೆತು ತೇಲಿಹೋಗಿತ್ತು. ತಲೆತಲಾಂತರದ ಎಣ್ಣೆ ಜಿಡ್ಡು, ಅರಿಶಿನ, ಬೆಣ್ಣೆ, ಎಲ್ಲ ಪದರ ಪದರವಾಗಿ ಕಳಚಿ ಬುಡದಲ್ಲಿ ಬಿದ್ದಿತ್ತು. ಅಲ್ಲಲ್ಲಿ ಉಳಿದಿದ್ದನ್ನು ಟವೆಲ್ ಒದ್ದೆ ಮಾಡಿ ಮೆಲ್ಲಗೆ ಒರೆಸಿದೆ. ಒಳಗೆ ಕಲ್ಲು ನೀಲಿಗಪ್ಪಾಗಿ, ನಿನ್ನೆ ಕೆತ್ತಿದಷ್ಟು ಹೊಸದಾಗಿತ್ತು. ಚಿರತೆ ಹಿಂಗಾಲ ಮೇಲೆ ನಿಂತು ಎಗರಿತ್ತು. ಅದರ ಬಾಯಿಗೆ ಅಡ್ಡವಾಗಿ ಕೋಲು. ಕೋಲು ಹಿಡಿದ ಕೈ. ಆ ಕೈಗೆ ಬಳೆ.

ಬಳೆ ಗಂಡಸರಿಗೂ ಕೆತ್ತುತ್ತಾರೆ ಅಂತ ಅಂದುಕೊಂಡೆ. ಆಮೇಲೆ ತಲೆ ನೋಡಿದೆ. ಒಂದು ಪಕ್ಕಕ್ಕೆ ಇಳಿದ ತುರುಬು. ಎದೆ ನೋಡಿದೆ. ಮೂವತ್ತು ವರ್ಷದಿಂದ ರವಿಕೆ ಹೊಲಿಯುವ ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೊಂಟದಿಂದ ಇಳಿದ ನೆರಿಗೆ ಸೀರೆಯದು. ಎಡಗಂಕುಳಲ್ಲಿ ಏನನ್ನೋ ಅವಚಿಕೊಂಡಿದ್ದಳು.

"ಲೇ, ಇದು ಹೆಂಗ್ಸು ಕಣೇ!" ಗೆಳತಿಯ ದನಿ ನೀರಿನಾಚೆಗೂ ಕೇಳಿರಬೇಕು. "ಮಗೀನೂ ಎತ್ಕೊಂಡವ್ಳೆ ನೋಡು!"

"ಮಗು ಅಲ್ಲ ಅದು," ಅಂದೆ. "ಕಿವಿ ನೋಡು. ಜೋಲುಗಿವಿ. ಕುರಿಮರಿ." ಮರಿಯನ್ನು ಹಾಗೆ ಮುಂಗಾಲೆರಡೂ ಒಂದೇ ಕೈಯಲ್ಲಿ ಸೇರಿಸಿ ಅವಚುವುದನ್ನು ನಮ್ಮಮ್ಮ ನನಗೆ ಕಲಿಸಿದ್ದಳು, ಅವಳಿಗೆ ಅವಳ ಅವ್ವ. ಒಂದು ಕೈಯಲ್ಲಿ ಮರಿ, ಇನ್ನೊಂದು ಕೈಯಲ್ಲಿ ಕೋಲು, ಮುಂದೆ ಚಿರತೆ. ಹಿಂದೆ ಮೂರು ಕುರಿತಲೆಗಳು ಅವಳ ಸೀರೆಗೆ ಅಂಟಿಕೊಂಡು ಇಣುಕುತ್ತಿದ್ದವು.

"ಜಗಳ ಆಡ್ತೀನಿ ಅಂದಿದ್ಯಲ್ಲ, ಆಡು ಮತ್ತೆ," ಅಂದಳು ಗೆಳತಿ, ನಗುತ್ತಾ.

"ಯಾರ ಜೊತೆ ಆಡ್ಲೇ?" ಅಂದೆ. ಅಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತ್ತು. ಅಳುತ್ತಲೇ ನಗುತ್ತಿದ್ದೆ. ಬೀಡಿ! ಈ ಮಹಾತಾಯಿಗೆ ವರ್ಷವರ್ಷವೂ ಒಂದು ಕಟ್ಟು ಬೀಡಿ! ಅದನ್ನು ಹೇಳಿದ್ದೇ ತಡ ಗೆಳತಿ ಹೊಟ್ಟೆ ಹಿಡಿದುಕೊಂಡು ಕೆಸರಲ್ಲೇ ಕುಂತುಬಿಟ್ಟಳು. ಹರಿಗೋಲಿನವನು ಏನಾಯಿತೋ ಅಂತ ಓಡಿ ಬಂದ. ಅವನಿಗೂ ತೋರಿಸಿದೆವು. ಅವನು ಎರಡೂ ಕೈ ಜೋಡಿಸಿ, "ಇದೇನ್ ತಾಯಿ ಹಿಂಗಾತು," ಅಂತ ಕಲ್ಲನ್ನೇ ಕೇಳಿದ.

ಫೋನು ತುಂಬ ಫೋಟೋ ತೆಗೆದುಕೊಂಡು ವಾಪಸ್ ದಡಕ್ಕೆ ಬಂದೆವು. ಹಿಂದಿನ ದಾರಿಯ ಮಾತೇ ಮರೆತುಹೋಯಿತು. ನೆತ್ತಿ ಮೇಲಿನ ಬಿಸಿಲಲ್ಲಿ ನೇರವಾಗಿ ಹಟ್ಟಿಯ ಮುಂದಿನ ರಸ್ತೆಗೇ ಸೈಕಲ್ ಓಡಿಸಿದೆ. ದೊಡ್ಡಪ್ಪ ಬೇವಿನ ಕಟ್ಟೆಯ ಮೇಲೆ ಒಬ್ಬರೇ ಕುಂತಿದ್ದರು. ಸೈಕಲ್ಲನ್ನು ಅಲ್ಲೇ ಕೆಡವಿ ಫೋನು ಅವರ ಮುಂದೆ ಹಿಡಿದೆ. ಬಿಸಿಲಿಗೆ ಕಾಣದು ಅಂತ ಗೆಳತಿ ದುಪಟ್ಟಾ ಅಗಲಿಸಿ ನೆರಳು ಮಾಡಿದಳು. ದೊಡ್ಡಪ್ಪ ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿದರು.

"ಎಲ್ಲಿದಿದು?"

"ಅಜ್ಜಯ್ಯ."

ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವರ ಮೂಗಿನ ಹೊಳ್ಳೆ ಅರಳಿತು, ಆದರೆ ದನಿ ಏರಲಿಲ್ಲ. "ನೀ ಅಲ್ಲಿಗೆ ಹೋಗಿದ್ಯಾ?" ಅಂದರು. ಮತ್ತೆ ಫೋಟೋ ನೋಡಿದರು. "ಈಗಿನ ಫೋನ್‌ನಾಗೆ ಸತ್ತೋರನ್ನೇ ಎಬ್ಬಿಸಿ ಕುಣಿಸ್ತಾರೆ. ಗಂಡಸಿಗೆ ಸೀರೆ ಉಡ್ಸೋದೇನು ದೊಡ್ಡದಾ? ಒಪ್ಪಲ್ಲ ನಾನು."

"ಒಪ್ಪಬ್ಯಾಡ್ರಿ ದೊಡ್ಡಪ್ಪ. ನಿಮ್ ಕಣ್ಣಿಂದ ನೀವೇ ನೋಡ್ರಿ," ಅಂದೆ. ಅವರು ಎದ್ದು ಮನೆಗೆ ಹೋದರು. ಕೋಲನ್ನು ಕಟ್ಟೆಯ ಮೇಲೇ ಮರೆತಿದ್ದರು.

ಅಮ್ಮನ ಮನೆಗೆ ಹೋದೆ. ಅಮ್ಮ ಮೊದಲು ನಮ್ಮಿಬ್ಬರ ಕೆಂಪಾದ ಮುಖ ನೋಡಿ ಬೈದು, ನೀರು ಕೊಟ್ಟು, ಆಮೇಲೆ ಫೋನು ತೆಗೆದುಕೊಂಡಳು. ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಮರಿ ಹಿಡ್ಕಂಡಿರೋದು ಸರಿಯಾಗೈತೆ," ಅಂದಳು ಮೆಲ್ಲಗೆ. ಅಷ್ಟೇ. ಫೋನು ವಾಪಸ್ ಕೊಟ್ಟು, ರಾಗಿ ಮೂಟೆಯ ಮೇಲೆ ಕಾಲಿಟ್ಟು ಅಟ್ಟಕ್ಕೆ ಕೈ ಹಾಕಿ ತಪ್ಪಲೆ ಇಳಿಸಿದಳು. "ಒಂದಿಷ್ಟು ಹುಣಸೆಹಣ್ಣು ನೆನೆಹಾಕು, ಕಿಲುಬು ಹಿಡಿದೈತೆ."

"ದೊಡ್ಡಪ್ಪ ಬ್ಯಾಡ ಅಂದ್ರೆ?" ಅಂದೆ.

"ಅಂದ್ರೆ ನೀರಿಗೆ ಬಿಡ್ತೀನಿ. ಮಾಡೋದಂತೂ ಮಾಡ್ತೀನಿ."

ಎಡೆಯ ಸೋಮವಾರ ನಾನೂ ಗೆಳತಿಯೂ ಬೆಳಗ್ಗೆಯೇ ಹಟ್ಟಿಯಲ್ಲಿದ್ದೆವು, ಈ ಸಲ ಬಸ್ಸಿನಲ್ಲಿ. ದೊಡ್ಡಪ್ಪ ಎಂಟು ದಿನವೂ ಆ ವಿಷಯ ಬಾಯಿಗೆ ತಂದಿರಲಿಲ್ಲ. ಹೊಸ ಪಂಚೆ, ಹೊಸ ರುಮಾಲು, ಬೀಡಿಕಟ್ಟು ಎಲ್ಲ ಎಂದಿನಂತೆ ಹರಿಗೋಲು ಹತ್ತಿದವು. ಮಿಕ್ಕ ಮನೆಗಳ ತಪ್ಪಲೆಗಳೂ ಹತ್ತಿದವು. ಅಮ್ಮನ ತಪ್ಪಲೆಯ ಕಡೆ ಯಾರೂ ನೋಡಲಿಲ್ಲ. ಗಂಡಸರು ಮೂರು ಸರದಿಯಲ್ಲಿ ದಾಟಿಹೋದರು. ನಾವು ಹೆಂಗಸರು ದಡದ ಬಿಸಿಲಲ್ಲಿ ನಿಂತೆವು. ಈಗ ಹುಣಸೆಯ ನೆರಳೂ ಇಲ್ಲ.

ಅಲ್ಲಿ ಅವರು ಸಾಲಾಗಿ ಕಲ್ಲಿನ ಮುಂದೆ ನಿಂತದ್ದು ಕಂಡಿತು. ಪ್ರತಿವರ್ಷ ಕೇಳುತ್ತಿದ್ದ ಕೇಕೆ ಕೇಳಲಿಲ್ಲ. ಯಾರೂ ಅಲ್ಲಾಡಲೂ ಇಲ್ಲ. ಬಹಳ ಹೊತ್ತಿನ ಮೇಲೆ ಹರಿಗೋಲು ಒಂದೇ ಒಂದು ತಲೆಯನ್ನು ಹೊತ್ತು ಮರಳಿ ಬಂತು. ದೊಡ್ಡಪ್ಪ. ಮಂಡಿನೋವಿನವರು, ಇಳಿಯಲು ಕಷ್ಟಪಟ್ಟು, ನೇರವಾಗಿ ಅಮ್ಮನ ಮುಂದೆ ಬಂದು ನಿಂತರು. ಅಮ್ಮ ಸೆರಗು ಎಳೆದುಕೊಂಡಳು. ಐವತ್ತು ವರ್ಷದಲ್ಲಿ ಗಂಡನ ಅಣ್ಣನ ಜೊತೆ ಅವಳು ಎದುರುಬದುರಾಗಿ ಮಾತಾಡಿದ್ದಿಲ್ಲ.

"ರುಮಾಲು ಬಿಚ್ಚಬ್ಯಾಡ ಅಂತ ನಮ್ಮಜ್ಜ ಯಾಕೆ ಅಂದಿದ್ನೋ," ಅಂದರು ದೊಡ್ಡಪ್ಪ, ಯಾರಿಗೂ ಅಲ್ಲ ಅನ್ನುವ ಹಾಗೆ. ಆಮೇಲೆ ಅಮ್ಮನಿಗೆ, "ಬಾರವ್ವ, ಹತ್ತು. ಎಡೆ ತಗೊಂಡು ಬಾ. ಅಲ್ಲಿ ನಿಂತಿರೋ ಗಂಡಸ್ರಿಗೆ ಯಾರಿಗೂ ಆಯಮ್ಮನ ಹತ್ರ ಏನ್ ಮಾತಾಡ್ಬೇಕೋ ತಿಳೀತಿಲ್ಲ."

ಅಮ್ಮ ತಪ್ಪಲೆ ತಲೆ ಮೇಲಿಟ್ಟುಕೊಂಡೇ ಹರಿಗೋಲು ಹತ್ತಿದಳು. ಹಿಂದೆಯೇ ನಾನು. ಒಣಗಿದ ಕೊಂಬೆಗಳ ಹತ್ತಿರ ಬಂದಾಗ ಇದೇ ಹುಣಸೆ ಅಂತ ತೋರಿಸಿದೆ. ಅಮ್ಮ ತಿರುಗಿ ನೋಡಲಿಲ್ಲ, ಕಣ್ಣೆಲ್ಲ ಮುಂದೆ.

ಗಂಡಸರು ಸರಿದು ದಾರಿ ಬಿಟ್ಟರು. ಅಭ್ಯಾಸಬಲದಿಂದ ಯಾರೋ ಆಗಲೇ ಬೀಡಿಕಟ್ಟು ಇಟ್ಟುಬಿಟ್ಟಿದ್ದರು. ಅಮ್ಮ ಬಗ್ಗಿ ಅದನ್ನೆತ್ತಿ ದೊಡ್ಡಪ್ಪನ ಕೈಗೆ ಕೊಟ್ಟು, "ಇವನ್ನ ನೀವೇ ಸೇದ್ರಿ ಬಾವ," ಅಂದಳು. ಯಾರೋ ಕಿಸಕ್ಕನೆ ನಕ್ಕರು, ದೊಡ್ಡಪ್ಪನೂ ನಕ್ಕರು.

ಅಮ್ಮ ತಪ್ಪಲೆ ಇಳಿಸಿ ಕಲ್ಲಿನ ಮುಂದೆ ಕುಂತಳು. ಬಳೆ ಇಲ್ಲದ ತನ್ನ ಕೈಯಿಂದ ಕಲ್ಲಿನ ಬಳೆಯ ಕೈಯನ್ನು ಮುಟ್ಟಿದಳು. ಕೋಲು, ಚಿರತೆ, ಮರಿಯ ಕಿವಿ, ಒಂದೊಂದನ್ನೇ ಸವರಿದಳು. ನವಣೆ ಅನ್ನದ ಮೇಲಿನ ಬೆಣ್ಣೆ ಆ ಬಿಸಿಲಿಗೆ ಕರಗಿ ಹರಿಯುತ್ತಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ. ಒಂದು ಹಿಡಿ ಅನ್ನ ತೆಗೆದು ಮುಂದಿಟ್ಟು, ಪಕ್ಕದ ಮನೆಯವಳನ್ನು ಕೇಳುವ ದನಿಯಲ್ಲಿ ಕೇಳಿದಳು:

"ಇಷ್ಟು ವರ್ಸ ಅಲ್ಲೇ ಕೆಳಗೆ ಕುಂತಿದ್ನಲ್ಲೇ ತಾಯಿ. ನೀನಾದ್ರೂ ಒಂದ್ಸಲ ಕರೀಬಾರ್ದಾಗಿತ್ತಾ?"